ವಾಪಸು ಕೊಟ್ಟ ಎಲೆ ಅಡಿಕೆ

ಆಗಸ್ಟ್ 6, ಬುಧವಾರ. ಬೆಳಿಗ್ಗೆ 11

ಇಬ್ಬರಿಗೂ ನೀರು ಎರೆದದ್ದು ಆಯಿತು. ಪಾಪು ಮಲಗಿದೆ. ಬಾಣಂತಿ ಧನ್ಯಾನೂ ಕಿವಿಗೆ ಹತ್ತಿ ಇಟ್ಟುಕೊಂಡು, ಕಂಬಳಿ ಹೊದ್ದು ಬೆವರುತ್ತಾ ಮಲಗಿದ್ದಾಳೆ. ಇನ್ನು ಒಂದು ಗಂಟೆ ನನ್ನದು.

ನೀರಿನ ಬಿಸಿ ಇವತ್ತೂ ಮೂರು ಸಲ ನೋಡಿದೆ. ಮೊಣಕೈ ಅದ್ದಿ ಒಂದು ಸಲ, ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಒಂದು ಸಲ, ಮತ್ತೆ ಮೊಣಕೈ. ಸರಿ ಇತ್ತು. ಆದರೂ ಮೊದಲ ಚೊಂಬು ಹಾಕುವಾಗ ಎದೆ ಡವಡವ. ಹದಿನಾಲ್ಕು ಮನೆಯಲ್ಲಿ ಬಾಣಂತನ ಮಾಡಿದ್ದೇನೆ. ಹದಿನಾಲ್ಕು ಮನೆಯಲ್ಲೂ ದಿನಾ ಹೀಗೇ.

ಎಣ್ಣೆ ತಿಕ್ಕಿದ ಮೇಲೆ ಬಚ್ಚಲ ಕಲ್ಲು ಜಾರುತ್ತದೆ. ಒಲೆಯ ಬೂದಿ ಒಂದು ಮುಷ್ಟಿ ಎರಚಿ ಆಮೇಲೆ ಹಂಡೆಯ ನೀರು ಎತ್ತಬೇಕು. ಅರ್ಧ ನೀರು ಹಾಕಿದ ಮೇಲೆ ಅನುಮಾನ — ಬೂದಿ ಹಾಕಿದೆನಾ? ಕಾಲಲ್ಲಿ ಉಜ್ಜಿ ನೋಡಿದೆ. ಒರಟು ಸಿಕ್ಕಿತು. ಹಾಕಿದ್ದೆ.

ಈ ಪುಸ್ತಕ ಪಾಪುವಿನದು. ಹುಟ್ಟಿದಾಗ ಎರಡು ಕೆಜಿ ಇರಲಿಲ್ಲ. ಹಾಲು ಕುಡಿದ ಟೈಮು, ವಾರ ವಾರದ ತೂಕ ಬರೆದಿಡಿ ಅಂತ ಸಿಸ್ಟರು ಹೇಳಿದ್ದರು. ಮುಂದಿನಿಂದ ಅದು. ಹಿಂದಿನಿಂದ ತಿರುಗಿಸಿ ನಾನು ಬರೆಯುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದ ಕೈ, ಒತ್ತಕ್ಷರ ತಪ್ಪುತ್ತವೆ. ತಪ್ಪಲಿ. ಯಾರು ನೋಡಬೇಕು.

ಪಾಪು ಎದ್ದಿತು. ಇಲ್ಲ, ಗಾಳಿ. ಆದರೂ ನೋಡಿ ಬರುತ್ತೇನೆ.

ಆಗಸ್ಟ್ 11, ಸೋಮವಾರ

ತೂಕ ಮೂರು ಕೆಜಿ ಮುಟ್ಟಿತು. ಯಜಮಾನರು, ಧನ್ಯಾಳ ಅಪ್ಪ ಸದಾಶಿವಪ್ಪನೋರು ಶಿರಾಳಕೊಪ್ಪದ ತಮ್ಮ ಗೊಬ್ಬರದ ಅಂಗಡಿಯಿಂದಲೇ ತಕ್ಕಡಿ ತರಿಸಿದ್ದರು. "ಏನ್ ಮೀನವ್ವ, ನಮ್ಮ ಅಂಗಡ್ಯಾಗಿನ ಯೂರಿಯಾ ಏನಾರ ಹಾಕಿಯಾ ಹೆಂಗೆ? ಹಿಂಗೆ ಏಳಾಕತ್ತೈತಲ್ಲ ಪೈರು!" ಅಂದರು. ಅಮ್ಮಾರು ಅಕ್ಕನಾಗಮ್ಮನೋರು, "ಥೂ, ಕೂಸಿಗೆ ದೃಷ್ಟಿ ಹಚ್ಚಬ್ಯಾಡ್ರಿ, ಹೋಗ್ರಿ ಅಂಗಡಿಗೆ" ಅಂತ ಓಡಿಸಿದರು. ಧನ್ಯಾ ನಕ್ಕಳು. ನಾನು ಈ ಮನೆಗೆ ಬಂದ ಮೇಲೆ ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದು ಇವತ್ತೇ.

ನಾನು ಬಂದಾಗ ಮಗುವನ್ನು ಮುಟ್ಟುತ್ತಲೇ ಇರಲಿಲ್ಲ. ಹೋದ ವರ್ಷ ಏಳನೇ ತಿಂಗಳಲ್ಲಿ ಒಂದು ಹೋಗಿತ್ತಂತೆ. ಇದೂ ಹೋಗುತ್ತದೆ ಅಂತಲೇ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ತಾಳಗುಂದದಿಂದ ಗಂಡ ಮಲ್ಲಿಕಾರ್ಜುನ್ ಭಾನುವಾರ ಬಂದರೆ ಅವನನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಮಗುವಿನ ಅಂಗಾಲು ಅವಳ ಕೆನ್ನೆಗೆ ಇಟ್ಟೆ. ದಿನಾ ಇಟ್ಟೆ. ಆರನೇ ದಿನ ತಾನೇ ಕೈ ಚಾಚಿದಳು.

ಈಗ ನನ್ನ ಬಿಟ್ಟು ಬೇರೆ ಯಾರಿಗೂ ಕೊಡಲ್ಲ. ಹೆತ್ತ ತಾಯಿಗೂ. ಅಮ್ಮಾರಿಗೆ ಮಂಡಿ ನೋವು, ಮಣೆ ಮೇಲೆ ಕೂರಲು ಆಗುವುದಿಲ್ಲ. ಅದಕ್ಕೇ ನನ್ನ ಕರೆಸಿದ್ದು. ಮೂರು ತಿಂಗಳ ಮಾತು. ಎಲೆ ಅಡಿಕೆ ಕೊಟ್ಟು ಮಾತಾಡಿದ್ದಾರೆ. ಅಕ್ಟೋಬರ್ ಹನ್ನೆರಡರವರೆಗೆ.

ಆಗಸ್ಟ್ 20, ಬುಧವಾರ. ಮಧ್ಯಾಹ್ನ

ಸೊರಬದಿಂದ ಏಜೆನ್ಸಿ ಹರೀಶನ ಫೋನು.

"ಮೀನಕ್ಕಾ, ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟಿದ್ರಲ್ಲ, ನೆನಪುಂಟಾ? ಹೆಣ್ಮಕ್ಕಳ ಹಾಸ್ಟೆಲ್ಲಿಗೆ ಅಡುಗೆ ಸಹಾಯಕಿ. ನಿಮ್ಮ ಹೆಸರು ಬಂದದೆ."

ಹನ್ನೊಂದು ತಿಂಗಳ ಅಗ್ರಿಮೆಂಟು. ಪಿಎಫ್, ಇಎಸ್ಐ. ಸರಿಯಾಗಿ ಮಾಡಿದರೆ ರಿನ್ಯೂವಲ್.

"ಹರೀಶಣ್ಣ, ಇಲ್ಲಿ ಬಾಣಂತನ ಹಿಡಿದಿದ್ದೀನಿ. ಒಂದೂವರೆ ತಿಂಗಳು ತಡೀತೀರಾ?"

"ತಡೆಯೋಕೆ ಅದೇನು ಹೆರಿಗೇನಾ ಮಾರಾಯ್ತಿ? ಅರವತ್ತು ಹುಡುಗ್ಯರು ದಿನಾ ಮೂರು ಹೊತ್ತು ಉಣ್ತಾವೆ. ಒಂದನೇ ತಾರೀಕು ಬೆಳಿಗ್ಗೆ ಆರಕ್ಕೆ ಇರ್ಬೇಕು. ಇಲ್ಲಾಂದ್ರೆ ಕೆಳಗೆ ಇನ್ನೊಂದು ಹೆಸರದೆ, ಅವರನ್ನ ಕರೀತೀನಿ. ನನ್ನ ಬೈಬೇಡಿ ಆಮೇಲೆ."

ಬರುತ್ತೇನೆ ಅಂದುಬಿಟ್ಟೆ. ಯೋಚನೆ ಮಾಡುವ ಮೊದಲೇ ಬಾಯಿ ಅಂದಿತು.

ಸಂಗೀತಳಿಗಾಗಿ. ನನ್ನ ಮಗಳು. ಅವಳಪ್ಪ ಮಹಾಂತೇಶ ಕುರಿ ಹೊಡೆದುಕೊಂಡು ಹಾವೇರಿ ಕಡೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಆವತ್ತಿನಿಂದ ಆರು ವರ್ಷ, ಅವಳು ಜಡೆ ಊರಿನಲ್ಲಿ ನನ್ನ ಅಕ್ಕ ವರದಮ್ಮನ ಮನೆಯಲ್ಲಿ. ನಾನು ಮೂರು ತಿಂಗಳು ಈ ಊರು, ಮೂರು ತಿಂಗಳು ಆ ಊರು. ಯಾರ್ಯಾರದೋ ಮಕ್ಕಳಿಗೆ ಎರೆದೆ. ಇವಳು ಫಸ್ಟ್ ಪಿಯುಸಿಗೆ ಬಂದಳು. ದೊಡ್ಡಮ್ಮನಿಗೆ ಅವ್ವ ಅನ್ನುತ್ತಾಳೆ, ನನಗೆ ಅಮ್ಮ ಅನ್ನುತ್ತಾಳೆ. ಅಮ್ಮ ಅಂತ ಟೀಚರಿಗೂ ಅನ್ನುತ್ತಾರೆ. ಸೊರಬದಲ್ಲಿ ಕೆಲಸ ಅಂದರೆ ಒಂದು ರೂಮು ಮಾಡಬಹುದು. ಅವಳ ಕಾಲೇಜೂ ಅಲ್ಲೇ. ಒಂದೇ ಸೂರು.

ಹನ್ನೊಂದು ದಿನ ಇದೆ. ಹೇಳಬೇಕು. ಹೇಗೆ?

ಆಗಸ್ಟ್ 22, ಶುಕ್ರವಾರ

ಹಾಲಮ್ಮನಿಗೆ ಫೋನ್ ಮಾಡಿದೆ. ನನಗೆ ಈ ಕೆಲಸ ಕಲಿಸಿದವಳು. ಈಗ ಶಿಕಾರಿಪುರದಲ್ಲಿ ಒಂದು ಮನೆ ಹಿಡಿದಿದ್ದಾಳೆ.

ಎಲ್ಲ ಕೇಳಿ, "ಹೋಗು. ಯಾರು ಬ್ಯಾಡ ಅಂತಾರೆ? ಹೊಟ್ಟೆಪಾಡು. ಆದ್ರೆ ಹೋಗೋ ರೀತೀಲಿ ಹೋಗು" ಅಂದಳು.

"ಹೆಂಗೆ?"

"ಎಲೆ ಅಡಿಕೆ ಹಿಡಿದು ಒಪ್ಪಿಕೊಂಡ ಮನೆ. ಎಲೆ ಅಡಿಕೆ ಹಿರೇರ ಕೈಗಿಟ್ಟು ಬಿಡಬೇಕು. ಬಾಯಿ ಬಿಟ್ಟು ಹೇಳಬೇಕು. ಆಮ್ಯಾಗೆ ಬರೋಳನ್ನ ಕರಕೊಂಡು ಬಂದು ಮೂರು ನೀರು ಇಬ್ರೂ ಕೂಡಿ ಹಾಕಬೇಕು. ಕೂಸಿಗೆ ಹೊಸಾ ಕೈ ಗೊತ್ತಾಗ್ಬೇಕು, ಹೊಸಾ ಕೈಗೆ ಬಚ್ಚಲ ಗೊತ್ತಾಗ್ಬೇಕು. ಹೇಳದೆ ಕೇಳದೆ ಹೋಗೋದು ಯಮನ ಕೆಲಸ ಕಣೆ, ನಮ್ಮದಲ್ಲ."

"ನೀನೇ ಬಾ ಮತ್ತೆ ನನ್ನ ಬದಲಿಗೆ."

"ಇಲ್ಲಿ ಇನ್ನೂ ಒಂದು ತಿಂಗಳೈತೆ. ಅರ್ಧಕ್ಕೆ ಬಿಟ್ಟು ಬರ್ಲಾ? ನಿನ್ನಂಗೆ?"

ನಕ್ಕೇ ಅಂದಳು. ನನಗೆ ನಗು ಬರಲಿಲ್ಲ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಇವತ್ತು ಹೇಳುತ್ತೇನೆ ಅಂತಿದ್ದೆ. ಹಬ್ಬದ ದಿನ ಹೇಳುವುದೇ? ಅಂತ ಬಿಟ್ಟೆ. ನಿನ್ನೆ ಶಿವನ ವಾರ ಸೋಮವಾರ, ಮೊನ್ನೆ ಮಲ್ಲಿಕಾರ್ಜುನ್ ಬಂದಿದ್ದ. ಅದರ ಹಿಂದಿನ ದಿನ ಪಾಪುವಿಗೆ ಹೊಟ್ಟೆ ಉಬ್ಬರ. ಒಂದೊಂದು ದಿನಕ್ಕೂ ಒಂದೊಂದು ಕಾರಣ ಸಿಗುತ್ತದೆ. ಕಾರಣ ಸಿಕ್ಕಾಗ ಜೀವ ಹಗುರ ಆಗುತ್ತದೆ. ಆಮೇಲೆ ನಾಚಿಕೆ.

ಅಮ್ಮಾರು ನನಗೂ ಹಸಿರು ಬಳೆ ತೊಡಿಸಿದರು. ಧನ್ಯಾ ನನ್ನ ಕೈ ಹಿಡಿದು ನೋಡಿ, "ಅಕ್ಕಾ, ಕೂಸಿಗೆ ಎರೆಯೋವಾಗ ಗಾಜು ತಾಗಲ್ವಾ?" ಅಂದಳು. ತಾಗುತ್ತದೆ ಅಂದೆ. "ಹಂಗಾದ್ರೆ ದಿನಾ ತೆಗೆದು ನಂಗೆ ಕೊಡು. ಎರೆದು ಆದ್ಮೇಲೆ ನಾನೇ ತೊಡಿಸ್ತೀನಿ."

ಇಂಥವಳಿಗೆ ಏನಂತ ಹೇಳುವುದು.

ಆಗಸ್ಟ್ 29, ಶುಕ್ರವಾರ

ಧನ್ಯಾ ಹಾಲು ಕೊಡುತ್ತಿದ್ದಳು. ಪಕ್ಕ ಕೂತೆ. ಧನ್ಯವ್ವಾ, ಒಂದು ಮಾತು, ಅಂದೆ.

"ನಾನೂ ಒಂದು ಮಾತು" ಅಂದಳು. "ಮೊದಲು ನಂದು. ತೊಟ್ಟಿಲಿಗೆ ಹಾಕೋ ದಿನ ಮೊದಲು ನೀನೇ ಎತ್ತಬೇಕು ಅಕ್ಕಾ. ಅತ್ತೆ, ಅವ್ವ ಎಲ್ಲಾ ಆಮೇಲೆ. ಅವ್ವಂಗೂ ಹೇಳೀನಿ. ಈಗ ನಿಂದು ಹೇಳು."

ನನ್ನ ಮಾತು — ಸೀಗೆಪುಡಿ ಮುಗಿದಿದೆ ಅಂದೆ.

ಆಗಸ್ಟ್ 31, ಭಾನುವಾರ. ಜಡೆ

ಬಂದುಬಿಟ್ಟೆ.

ಹೇಗೆ ಆಯಿತೋ ಹಾಗೇ ಬರೆಯುತ್ತೇನೆ. ಬೆಳಿಗ್ಗೆ ಬೇಗ ನೀರು ಹಾಕಿದೆ. ಬಟ್ಟೆ ಚೀಲಕ್ಕೆ ತುಂಬಿದೆ. ನಿನ್ನೆ ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಕೊಂಡಿದ್ದ ಐದು ಎಲೆ, ಎರಡು ಅಡಿಕೆ ತೆಗೆದುಕೊಂಡು ಅಮ್ಮಾರ ಹತ್ತಿರ ಹೋದೆ. ಎರಡೂ ಕೈಯಲ್ಲಿ ಹಿಡಿದು ಅವರ ಕೈಗೆ ಇಟ್ಟೆ. ಈಗ ಕೇಳುತ್ತಾರೆ, ಈಗ ಹೇಳುತ್ತೇನೆ ಅಂತ ನಿಂತೆ.

"ಅಯ್ಯ, ಗೌರಿಗೆ ತಂದಿದ್ದು ಉಳಿದಿತ್ತಾ? ಚಲೋ ಎಳೇ ಎಲೆ ಐತೆ ನೋಡು" ಅಂದರು. ಸೆರಗಲ್ಲಿ ಒರೆಸಿದರು. ಸುಣ್ಣ ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡರು. ನಾನು ನೋಡುತ್ತಾ ನಿಂತಿದ್ದೆ. ನನ್ನ ಮಾತನ್ನೇ ಅಗಿದು ನುಂಗಿದ ಹಾಗಾಯಿತು.

ಅವರಿಗೇನು ಗೊತ್ತು. ಬಿಡುವಾಗ ವಾಪಸು ಕೊಡುವುದು ನಮ್ಮ ಕೆಲಸದವರ ರೀತಿ. ಗೊಬ್ಬರ ಮಾರುವ ಮನೆಯವರಿಗೆ ಎಲೆ ಅಡಿಕೆ ಅಂದರೆ ಎಲೆ ಅಡಿಕೆ.

ಚೀಲ ನೋಡಿದರು. "ಊರಿಗಾ? ಮಗಳಿಗೆ ಆರಾಮಿಲ್ವಾ? ಮುಖ ಯಾಕೆ ಹಿಂಗೈತೆ?"

ಹೂಂ ಅಂದೆ. ನಾನಾಗಿ ಸುಳ್ಳು ಹೇಳಲಿಲ್ಲ. ಅವರು ಕೇಳಿದ್ದಕ್ಕೆ ಹೂಂ ಅಂದೆ ಅಷ್ಟೆ.

"ಹೋಗು, ಹೋಗು, ನೋಡ್ಕೊಂಡು ಬಾ. ಎರಡು ದಿನ ಕೂಸಿಗೆ ಬಟ್ಟೇಲಿ ಒರೆಸ್ಕೋತೀವಿ."

ಧನ್ಯಾ ಪಾಪುವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು. ಬಾಣಂತಿ ಹೊಸ್ತಿಲಿಗೆ ಬರಬಾರದು, ಗಾಳಿ, ಅಂದೆ. "ಯಾವಾಗ ಬರ್ತೀಯ ಅಕ್ಕಾ?" ಅಂದಳು.

"ಬರ್ತೀನಿ" ಅಂದೆ.

ಹೊರಡುವಾಗ ಎಲ್ಲರೂ ಹಾಗೇ ಅನ್ನುವುದು. ಹೋಗ್ತೀನಿ ಅಂತ ಯಾರು ಅಂತಾರೆ? ಅಪಶಕುನ. ತಿರುಗಿ ಬರದಿದ್ದವರೂ ಬರ್ತೀನಿ ಅಂತಲೇ ಹೋಗುವುದು. ಅದು ಸುಳ್ಳಲ್ಲ. ಮಾತಿನ ರೀತಿ. ಎಲೆ ಅಡಿಕೆನೂ ವಾಪಸು ಕೊಟ್ಟಿದ್ದೇನೆ. ರೀತಿ ಪ್ರಕಾರ ಕೊಟ್ಟಾಗಿದೆ. ಹಾಲಮ್ಮ ಕೇಳಿದರೂ ಕೊಟ್ಟೆ ಅನ್ನಬಹುದು.

ಬಸ್ಸಿನಲ್ಲಿ ಚೀಲ ಬಿಚ್ಚಿದರೆ ಈ ಪುಸ್ತಕ. ಅಯ್ಯೋ ದೇವರೇ. ಪಾಪುವಿನ ತೂಕ, ಹಾಲಿನ ಟೈಮು ಎಲ್ಲ ನನ್ನ ಹತ್ತಿರವೇ ಬಂದುಬಿಟ್ಟಿದೆ.

ಸೆಪ್ಟೆಂಬರ್ 1, ಸೋಮವಾರ. ಸೊರಬ

ಆರಕ್ಕೆ ಐದು ನಿಮಿಷ ಇರುವಾಗಲೇ ಹಾಜರ್. ಅರವತ್ತೆರಡು ಹುಡುಗಿಯರು. ಉಪ್ಪಿಟ್ಟು. ರವೆ ಹುರಿದದ್ದು ಸಾಲದೇನೋ ಅಂತ ಎರಡು ಸಲ ಕೇಳಿದೆ. ಹಿರಿಯ ಅಡುಗೆಯವರು ಮಹೇಶ್ವರಪ್ಪ, "ಎಂತಕ್ಕೆ ಹೆದರ್ತೀರಿ ಮಾರಾಯ್ತಿ, ಸೀದ್ರೂ ಉಣ್ತಾರೆ, ಸೀಯದಿದ್ರೂ ಬೈತಾರೆ" ಅಂದರು.

ಮಾತು ಆಗುವಾಗ ಗಡಿಯಾರ ನೋಡಿದೆ. ಎಂಟೂವರೆ. ಪಾಪುವಿಗೆ ಎಣ್ಣೆ ಹಚ್ಚುವ ಹೊತ್ತು.

ಸೆಪ್ಟೆಂಬರ್ 4, ಗುರುವಾರ

ಧನ್ಯಾ ಫೋನು. ಇವತ್ತಿಗೆ ಹನ್ನೊಂದು ಮಿಸ್ ಕಾಲ್. ಎತ್ತಲಿಲ್ಲ.

ಎತ್ತಿದರೆ ಹೇಳುವುದನ್ನು ಹಾಲಿನ ಲೆಕ್ಕದ ಹಾಳೆಯ ಮೇಲೆ ಬರೆದುಕೊಂಡಿದ್ದೇನೆ. ಧನ್ಯವ್ವಾ ನನಗೆ ಬೇರೆ ಕಡೆ ಕೆಲಸ ಆಯಿತು, ಬೇರೆಯವರನ್ನು ನೋಡಿಕೊಳ್ಳಿ, ತಪ್ಪು ತಿಳಿಯಬೇಡಿ. ಒಂದೇ ಸಾಲು. ನಾಲ್ಕು ಸಲ ಓದಿಕೊಂಡೆ. ಫೋನ್ ರಿಂಗಾದರೆ ಆ ಹಾಳೆಯೇ ಸಿಗುವುದಿಲ್ಲ.

ವಾಟ್ಸಪ್ಪಿನಲ್ಲಿ ಮಾತು ಕಳಿಸಿದ್ದಾಳೆ. "ಮೀನಕ್ಕಾ, ಸಂಗೀತ ಹೆಂಗದಾಳೆ? ಇವತ್ತೂ ನೀರಿಗೆ ಉರಿ ಹಚ್ಚಿಸಿದ್ದೆ, ನೀ ಬರ್ತೀಯೇನೋ ಅಂತ. ಅವ್ವ ಬೇರೆ ಯಾರನ್ನೋ ಕರೀತೀನಿ ಅಂತಾಳೆ, ನಾನು ಬ್ಯಾಡ ಅಂದೀನಿ. ಪುಸ್ತಕಾನೂ ಒಯ್ದಾಳೆ ಅಂದ್ರೆ ಬಂದೇ ಬರ್ತಾಳೆ ಅಂದೆ. ಆಯ್ತಾ? ಅವಸರ ಇಲ್ಲ. ಹುಡುಗಿ ಆರಾಮಾದ ಮೇಲೇ ಬಾ." ಹಿಂದೆ ಪಾಪು ಕುಂಯ್ ಅನ್ನುವುದು ಕೇಳಿಸಿತು.

ಮೂರು ಸಲ ಕೇಳಿದೆ. ಉತ್ತರ ಕಳಿಸಲಿಲ್ಲ. ನಾಳೆ ಕಳಿಸುತ್ತೇನೆ.

ಸೆಪ್ಟೆಂಬರ್ 9, ಮಂಗಳವಾರ

ನಿನ್ನೆಯಿಂದ ಫೋನ್ ಇಲ್ಲ. ಬೇರೆ ಯಾರೋ ಸಿಕ್ಕಿರಬೇಕು. ಸದ್ಯ. ಒಳ್ಳೆಯದಾಯಿತು. ಎಲ್ಲರಿಗೂ ಒಳ್ಳೆಯದು.

ಸೆಪ್ಟೆಂಬರ್ 21, ಭಾನುವಾರ

ರೂಮಿಗೆ ಬಂದು ನಾಲ್ಕು ದಿನ. ಒಂದು ಕಿಟಕಿ, ಒಂದು ಒಲೆ, ಹೊರಗೆ ನಲ್ಲಿ. ವರದಕ್ಕ ಅಕ್ಕಿ, ಉಪ್ಪಿನಕಾಯಿ, ಎರಡು ಚಾಪೆ ಕೊಟ್ಟು ಕಳಿಸಿದಳು. ಸಂಗೀತ ತನ್ನ ಪುಸ್ತಕ ಕಿಟಕಿಯಲ್ಲಿ ಜೋಡಿಸಿದಳು. "ಅಮ್ಮಾ, ಇಲ್ಲಿ ನೆಟ್‌ವರ್ಕ್ ಚೆನ್ನಾಗಿದೆ" ಅಂದಳು. ನನಗೆ ಅಷ್ಟೇ ಸಾಕಾಯಿತು.

ಇವತ್ತು ತಲೆಗೆ ಎಣ್ಣೆ ಹಚ್ಚಿ ಎರೆದೆ. ಬೇಡ ಬೇಡ ಅಂದಳು. "ನಾನೇನು ಕೂಸಾ ಅಮ್ಮಾ?" ಆದರೂ ಬಗ್ಗಿ ಕೂತಳು. ನನ್ನ ಕೈ ತಾನಾಗೇ ಅವಳ ಕತ್ತಿನ ಹಿಂದೆ ಹೋಗಿ ಆಧಾರ ಹಿಡಿಯಿತು, ಕತ್ತು ನಿಲ್ಲದ ಮಗುವಿಗೆ ಹಿಡಿಯುವ ಹಾಗೆ. ಹದಿನಾರು ವರ್ಷದ ಹುಡುಗಿ. "ಏನ್ ಮಾಡ್ತಿದೀಯಾ?" ಅಂತ ನಕ್ಕಳು.

ಕಣ್ಣಿಗೆ ಸೀಗೆ ಹೋಯಿತು ಅಂದೆ.

ಸೆಪ್ಟೆಂಬರ್ 27, ಶನಿವಾರ. ಸಂಜೆ

ಹಾಲಮ್ಮನ ಫೋನು. ಎತ್ತಿದ ಕೂಡಲೇ, "ಎಲ್ಲಿದೀಯ ಮಾರಾಯ್ತಿ" ಅಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಅವಳು ಈಗ ಧನ್ಯಾಳ ಮನೆಯಲ್ಲಿದ್ದಾಳೆ. ಸೋಮವಾರದಿಂದ. ಯಜಮಾನರೇ ಹುಡುಕಿಕೊಂಡು ಹೋಗಿ ಕರೆತಂದರಂತೆ.

"ನೀ ಹೋದ ಮ್ಯಾಲೆ ಎಂಟು ದಿನ ಯಾರನ್ನೂ ಸೇರಿಸಲಿಲ್ಲಂತೆ ಕಣೆ ಅವಳು. ಅಕ್ಕ ಬರ್ತೀನಿ ಅಂದಾಳೆ, ಅಕ್ಕ ಬರ್ತೀನಿ ಅಂದಾಳೆ. ಎಂಟನೇ ದಿನ ಕೂಸಿನ ಕತ್ತಿನ ಸಂದೀಲಿ ಕೆಂಪಗೆ ಬೆಂದಿತ್ತಂತೆ. ಇವತ್ತು ನಾನೇ ಎರೀತೀನಿ ಅಂತ ಹೋಗ್ಯಾಳೆ. ಅಕ್ಕ ಮಾಡಿದ್ದು ನೋಡೀನಿ, ನಂಗೆ ಬರ್ತೈತೆ ಅಂದ್ಳಂತೆ. ಕೂಸಿಗೆ ಎಣ್ಣೆ ಹಚ್ಚಿ ಮಂಚದ ಮ್ಯಾಲೆ ಮಲಗಿಸಿ ಬಚ್ಚಲಿಗೆ ಹೋಗಿ ಹಂಡೆ ನೀರು ಎತ್ಯಾಳೆ. ಕೈಯಾಗೆಲ್ಲ ಎಣ್ಣೆ. ಕಾಲಡಿ ಎಣ್ಣೆ."

"ಬೂದಿ" ಅಂದೆ.

"ಬೂದಿ ಯಾರು ಹಾಕ್ತಾರೆ? ಯಾರಿಗೆ ಗೊತ್ತಿತ್ತು?"

ಕುದಿಯುವ ನೀರು. ಎದೆಯಿಂದ ತೊಡೆಯವರೆಗೆ. ಕೂಸು ಮಂಚದ ಮೇಲಿತ್ತು, ಏನೂ ಆಗಿಲ್ಲ. ಧನ್ಯಾ ಹದಿಮೂರು ದಿನ ಶಿವಮೊಗ್ಗದ ಆಸ್ಪತ್ರೆ. ಕೂಸು ಇಲ್ಲಿ, ತಾಯಿ ಅಲ್ಲಿ. ಹಾಲು ಬತ್ತಿತು. ಈಗ ಬಾಟ್ಲಿ.

ಯಾವ ದಿನ ಅಂತ ಕೇಳಿದೆ. ಎಂಟನೇ ತಾರೀಕು ಸೋಮವಾರ ಅಂದಳು.

ಒಂಬತ್ತನೇ ತಾರೀಕು ನಾನು ಇಲ್ಲಿ ಸದ್ಯ ಅಂತ ಬರೆದಿದ್ದೇನೆ. ತಿರುಗಿಸಿ ನೋಡಿದೆ. ಇದೆ. ನನ್ನ ಕೈಯ ಅಕ್ಷರವೇ.

"ನೀ ಎಲೆ ಅಡಿಕೆ ಕೊಟ್ಟೆಯಾ?" ಅಂತ ಕೇಳಿದಳು ಹಾಲಮ್ಮ.

ಕೊಟ್ಟೆ ಅಂದೆ.

"ಬಾಯಿ ಬಿಟ್ಟು ಹೇಳಿದೆಯಾ?"

ಇಲ್ಲ ಅಂದೆ.



ಸೆಪ್ಟೆಂಬರ್ 30

ಸಾರಿಗೆ ಎರಡು ಸಲ ಉಪ್ಪು. ಹುಡುಗಿಯರು ತಟ್ಟೆ ತಳ್ಳಿದರು. ಮಹೇಶ್ವರಪ್ಪನೋರು ನೀರು ಬೆರೆಸಿ, ವಾರ್ಡನ್ ಮೇಡಂ ಹತ್ತಿರ ತಮ್ಮ ತಪ್ಪು ಅಂದರು. ಯಾರು ಯಾರ ತಪ್ಪನ್ನೋ ಹೊರುತ್ತಾರೆ.

ಅಕ್ಟೋಬರ್ 5, ಭಾನುವಾರ

ಹೋಗಲಾ. ಹೋಗಿ ಏನು ಮಾಡಲಿ. ಬಸ್ ಸ್ಟ್ಯಾಂಡ್‌ವರೆಗೆ ಹೋದೆ. ಶಿರಾಳಕೊಪ್ಪದ ಬಸ್ಸು ಬಂತು, ಹೋಯಿತು. ಎರಡನೆಯದೂ ಹೋಯಿತು. ವಾಪಸು ಬಂದೆ.

ಅಕ್ಟೋಬರ್ 12, ಭಾನುವಾರ. ಸಂಜೆ 7

ಇವತ್ತಿಗೆ ಮೂರು ತಿಂಗಳು. ಮಾತು ಮುಗಿಯುವ ದಿನ. ಹೋಗಿ ಬಂದೆ.

ಬಾಗಿಲಲ್ಲಿ ಅಮ್ಮಾರು. ನೋಡಿದರು. "ಏನ್ರೀ ಮೀನಾಕ್ಷಮ್ಮಾರೇ. ದಾರಿ ಸಿಕ್ತೇನ್ರೀ?" ರೀ ಅಂದರು. ಮೊದಲೆಲ್ಲ ಮೀನವ್ವ, ನೀನು, ತಾನು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ರೀ ಅಂದವರ ಕಾಲು ಹೇಗೆ ಹಿಡಿಯುವುದು.

ಒಳಗಿಂದ ಧನ್ಯಾ: "ಯವ್ವಾ, ಯಾರು? ಮೀನಕ್ಕಾನಾ? ನಾ ಹೇಳಿರ್ಲಿಲ್ಲಾ!"

ಮಂಚದ ಮೇಲೆ ಕೂತಿದ್ದಳು. ಅರ್ಧ ಆಗಿದ್ದಾಳೆ. ಕುತ್ತಿಗೆಯ ಕೆಳಗೆ ಚರ್ಮ ಗುಲಾಬಿ ಬಣ್ಣ, ಹೊಳೆಯುತ್ತದೆ. ಸಡಿಲ ನೈಟಿ. ತೊಡೆಯ ಮೇಲೆ ಪಾಪು, ಪಾಪುವಿನ ಬಾಯಲ್ಲಿ ಬಾಟ್ಲಿ. ಪಾಪು ಬೆಳೆದಿದೆ. ಕತ್ತು ನಿಂತಿದೆ. ಬಾಟ್ಲಿ ಬಿಟ್ಟು ನನ್ನ ನೋಡಿತು. ಬಾಗಿಲು ನೋಡಿದ ಹಾಗೆ ನೋಡಿತು.

"ತಗೋ ಅಕ್ಕಾ" ಅಂತ ನನ್ನ ತೊಡೆಗೆ ಹಾಕಿದಳು. ಇನ್ನೂ ಕೊಟ್ಟಳು ನನಗೆ. ಹಾಲಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

ಧನ್ಯಾ ಒಂದೇ ಸಮನೆ ಮಾತಾಡಿದಳು. "ಸಂಗೀತಂಗೆ ಜ್ವರ ಜಾಸ್ತಿ ಆಗಿತ್ತಲ್ಲ? ಡೆಂಗ್ಯೂ ಇರ್ಬೇಕು ಅಂತ ನಾ ಅವ್ವಂಗೆ ಹೇಳ್ದೆ. ಈ ವರ್ಷ ಸೊರಬದ ಕಡೆ ಭಾಳ ಐತಂತೆ. ನಿನ್ನ ಫೋನೂ ಕೆಟ್ಟಿತ್ತು, ಹೌದಲ್ಲ? ಆಸ್ಪತ್ರೇಲಿ ಎಲ್ಲಿ ಚಾರ್ಜ್ ಮಾಡ್ತೀಯ ನೀನು. ನಂಗೂ ಹಂಗೇ ಆಗಿತ್ತು ಶಿವಮೊಗ್ಗದಾಗೆ. ಇವರೆಲ್ಲ ಏನೇನೋ ಅಂತಾರೆ. ನಾ ಅಂದೆ, ಮೀನಕ್ಕ ಸುಮ್ನೆ ಬಿಟ್ಟು ಹೋಗೋಳಲ್ಲ. ಹೌದಲ್ಲ ಅಕ್ಕಾ?"

ಎಲ್ಲ ಜೋಡಿಸಿ ಇಟ್ಟಿದ್ದಳು. ಜ್ವರ, ಆಸ್ಪತ್ರೆ, ಕೆಟ್ಟ ಫೋನು. ನಾನು ಹೂಂ ಅಂದರೆ ಆಗಿತ್ತು. ಒಂದು ಹೂಂ. ಆವತ್ತು ಅಮ್ಮಾರಿಗೆ ಅಂದ ಹಾಗೇ.

ಬಾಯಿಗೆ ಬಂದಿತ್ತು ಹೂಂ.

"ಜ್ವರ ಇರಲಿಲ್ಲ ಧನ್ಯವ್ವಾ" ಅಂದೆ. "ಸೊರಬದಲ್ಲಿ ಹಾಸ್ಟೆಲ್ ಕೆಲಸ ಸಿಕ್ತು. ಒಂದನೇ ತಾರೀಕು ಸೇರಬೇಕಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ಬಿಟ್ಟು ಹೋಗಿದ್ದು ನಾನು."

"ಆವತ್ತೇ ಗೊತ್ತಿತ್ತಾ? ಬಾಗಲಾಗೆ ನಿಂತಾಗ?"

"ಗೊತ್ತಿತ್ತು."

ಅಮ್ಮಾರು ಬಾಗಿಲಿಗೆ ಒರಗಿದ್ದರು. "ಹಂಗಾದ್ರೆ ಆ ಎಲೆ ಅಡಿಕೆ—"

"ಕೆಲಸ ಬಿಡ್ತೀನಿ ಅಂತ ಕೊಟ್ಟಿದ್ದು ಅಮ್ಮಾರೆ."

"ನಾ ತಿಂದು ಉಗುಳಿದೆ" ಅಂದರು. ಅಷ್ಟು ಹೇಳಿ ಅಡುಗೆ ಮನೆಗೆ ಹೋದರು. ಪಾತ್ರೆ ಒಂದು ಜೋರಾಗಿ ಇಟ್ಟ ಸದ್ದು.

ಧನ್ಯಾ ಅಳಲಿಲ್ಲ. ಸ್ವಲ್ಪ ಹೊತ್ತು ಪಾಪುವಿನ ಕಾಲುಚೀಲ ಸರಿ ಮಾಡಿದಳು. ಸರಿಯಾಗೇ ಇತ್ತು.

"ಹೇಳಿದ್ರೆ ನಾ ಏನು ಕಟ್ಟಿ ಹಾಕ್ತಿದ್ನಾ? ನಿಂಗೂ ಮಗಳದಾಳೆ, ನಂಗೆ ಗೊತ್ತಿರ್ಲಿಲ್ವಾ? ಅತ್ತಿದ್ದೆ ಒಂದು ದಿನ. ಅತ್ತು, ಉಡಿ ತುಂಬಿ ಕಳಿಸ್ತಿದ್ದೆ. ಮರುದಿನ ಬೇರೆಯವರನ್ನ ಕರೀತಿದ್ದೆ." ಆಮೇಲೆ ತೀರಾ ಮೆಲ್ಲಗೆ, "ಎದುರಿಗೆ ಕೂತು ಕೇಳ್ದೆನಲ್ಲ ಅಕ್ಕಾ. ಹೂಂ ಅಂದುಬಿಡಬಾರದಾಗಿತ್ತಾ ಈಗ."

ಪಾಪುವಿನ ಗಲ್ಲದ ಹಾಲು ಒರೆಸಿದಳು. ಒರೆಸಿಯೇ ನನ್ನ ತೊಡೆಯಿಂದ ಎತ್ತಿಕೊಂಡಳು. ಕಿತ್ತುಕೊಳ್ಳಲಿಲ್ಲ. ಕತ್ತಿನ ಹಿಂದೆ ಕೈ ಕೊಟ್ಟು, ನಾನು ಹೇಳಿಕೊಟ್ಟ ಹಾಗೆಯೇ.

ಎದ್ದೆ. ಈ ಸಲ ಬರ್ತೀನಿ ಅನ್ನದೆ ಹೊರಟು ಬಂದೆ.

ಅಕ್ಟೋಬರ್ 13, ಸೋಮವಾರ

ಹೇಳಿದ್ದು ಯಾರಿಗಾಗಿ? ಅವಳಿಗಾಗಿ ಅಂದುಕೊಂಡು ಹೋಗಿದ್ದೆ. ಅವಳ ಹತ್ತಿರ ಒಂದೇ ಒಂದು ಉಳಿದಿತ್ತು — ಅಕ್ಕ ಬಿಟ್ಟು ಹೋಗೋಳಲ್ಲ ಅನ್ನುವುದು. ಅದನ್ನೂ ತೆಗೆದುಕೊಂಡು ಬಂದೆ. ನನ್ನ ಎದೆ ಹಗುರ ಆಗಲಿ ಅಂತ.

ಹಗುರ ಆಗಿಲ್ಲ.

ಇವತ್ತು ಚಿತ್ರಾನ್ನ. ಅರವತ್ತೆರಡು ತಟ್ಟೆ.

ಅಕ್ಟೋಬರ್ 17

ಹರೀಶ ಬಂದಿದ್ದ. ಕೆಲಸ ಚೆನ್ನಾಗಿದೆಯಂತೆ, ಮೇಡಂ ಹೊಗಳಿದರಂತೆ. "ನೋಡಿ, ಆವತ್ತು ಬಂದಿದ್ದು ಒಳ್ಳೇದೇ ಆಯ್ತಲ್ಲ ಅಕ್ಕಾ?" ಅಂದ.

ಒಳ್ಳೆಯದೇ ಆಯಿತು. ಸಂಗೀತ ನಿನ್ನೆ ನಿದ್ದೆಗಣ್ಣಿನಲ್ಲಿ ನನ್ನ ಸೆರಗು ಎಳೆದು ಹೊದ್ದುಕೊಂಡಳು. ಅದು ಸುಳ್ಳಲ್ಲ. ಧನ್ಯಾಳ ಸುಟ್ಟ ಚರ್ಮವೂ ಸುಳ್ಳಲ್ಲ. ಎರಡನ್ನೂ ಒಂದೇ ಎದೆಯಲ್ಲಿ ಎಲ್ಲಿಡಲಿ.

ಅಕ್ಟೋಬರ್ 26, ಭಾನುವಾರ. ಮಧ್ಯಾಹ್ನ 3

ಇವತ್ತು ಪಾಪುವನ್ನು ತೊಟ್ಟಿಲಿಗೆ ಹಾಕಿದರು. ಹೆಸರು ಇಡುವ ದಿನ. ನನ್ನ ಕರೆದಿಲ್ಲ. ಕರೆಯುತ್ತಾರೆ ಅಂತ ನಾನೂ ಇರಲಿಲ್ಲ. ಆದರೂ ಬೆಳಿಗ್ಗೆ ಎದ್ದು ತಲೆಗೆ ಎರೆದುಕೊಂಡೆ. ಒಳ್ಳೆ ಸೀರೆ ಉಟ್ಟೆ. ಉಟ್ಟು ಹಾಸ್ಟೆಲ್ಲಿಗೆ ಹೋಗಿ ಈರುಳ್ಳಿ ಹೆಚ್ಚಿದೆ. ಮಹೇಶ್ವರಪ್ಪನೋರು, "ಎಂತದು ಮಾರಾಯ್ತಿ, ಮದುವೆ ಮನೇಲಿ ಈರುಳ್ಳಿನಾ?" ಅಂದರು.

ಈಗ ಹಾಲಮ್ಮನ ಫೋನು ಬಂತು. ಹಿಂದೆ ಜನರ ಗದ್ದಲ, ತಟ್ಟೆ ಸದ್ದು. ಬಚ್ಚಲಿನ ಹತ್ತಿರ ನಿಂತು ಪಿಸುಗುಟ್ಟಿದಳು. ಚೆನ್ನಾಗಿ ಆಯಿತಂತೆ. ಪಾಪು ಅಳಲೇ ಇಲ್ಲವಂತೆ. ತೊಟ್ಟಿಲಿಗೆ ಮೊದಲು ಯಾರು ಎತ್ತಿ ಹಾಕಿದರು ಅಂತ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೆಸರು ನಿಹಾರಿಕಾ ಅಂತೆ.

ನಾಲ್ಕು ಅಕ್ಷರ, ಒತ್ತಕ್ಷರ ಇಲ್ಲ. ತಪ್ಪಿಲ್ಲದೆ ಬರೆದೆ. ಏಳು ವಾರ ದಿನಾ ಮೈ ತಿಕ್ಕಿದ ಕೂಸು, ಹೆಸರು ಈಗ ಗೊತ್ತಾಯಿತು. ಒಂದು ಸಲ ಬಾಯಿಬಿಟ್ಟು ಕರೆದು ನೋಡಿದೆ. ಗೋಡೆಗೆ ಕೇಳಿಸುವಷ್ಟು. ಮತ್ತೊಂದು ಸಲ, ಸ್ವಲ್ಪ ಗಟ್ಟಿಯಾಗಿ.

ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಿದ್ದ ಸಂಗೀತ ಒದ್ದೆ ಕೈಯಲ್ಲೇ ಒಳಗೆ ಬಂದಳು. "ಯಾರಮ್ಮಾ ಅದು ನಿಹಾರಿಕಾ?" ಅಂದಳು. ಬಾಗಿಲಲ್ಲೇ ನಿಂತಿದ್ದಾಳೆ. ಉತ್ತರಕ್ಕೆ ಕಾಯುತ್ತಿದ್ದಾಳೆ. ಅದು ನನ್ನ ಕೂಸಲ್ಲ, ನಾನು ಹೇಳದೆ ಬಿಟ್ಟು ಬಂದ ಕೂಸು — ಪುಸ್ತಕ ಮುಚ್ಚಿ ಇವಳಿಗಾದರೂ ಬಾಯಿ ಬಿಟ್ಟು ಹೇಳಬೇಕು.